ಒಮ್ಮೆ ಸ್ಟಾರ್ಟ್, ಒಮ್ಮೆ ಮೌನ: ಹಳೆಯ ಕಾರಿನ ದೋಷ ಪತ್ತೆ ಹೇಗೆ?

ಭೀಮಸಮುದ್ರ: ಅಡಿಕೆ ವಹಿವಾಟಿಗೆ ಹೆಸರಾದ ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದಂತಹ ಊರುಗಳಲ್ಲಿ ಕಾರು ಕೇವಲ ಅನುಕೂಲದ ವಸ್ತುವಲ್ಲ. ನಡುರಾತ್ರಿ ರೋಗಿಯನ್ನು ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಅದೇ ಆಸರೆ. ಆ ಕಾರು ಮಾರುತಿ 800ರಂತಹ ಹಳೆಯದಾಗಿದ್ದರೆ ಒಂದು ಆತಂಕ ಸದಾ ಕಾಡುತ್ತದೆ: ಇಂದು ಸ್ಟಾರ್ಟ್ ಆದೀತೇ? 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದ್ದರಿಂದ ಈಗ ಓಡುತ್ತಿರುವ ಮಾರುತಿ 800 ಕಾರುಗಳೆಲ್ಲವೂ ಹತ್ತು ವರ್ಷ ದಾಟಿದವೇ ಆಗಿವೆ.

ಸದಾ ಕೆಟ್ಟಿರುವ ಕಾರನ್ನು ದುರಸ್ತಿ ಮಾಡುವುದು ಸುಲಭ. ಆಗಾಗ್ಗೆ ಮಾತ್ರ ಕೈಕೊಡುವ ಕಾರಿನ ಪಾಡು ಬೇರೆ. ಗ್ಯಾರೇಜಿಗೆ ಒಯ್ದಾಗ ಅದು ಸರಾಗವಾಗಿ ಸ್ಟಾರ್ಟ್ ಆಗುತ್ತದೆ. ಆಗ ಊಹೆಯ ಮೇಲೆ ಮೊದಲು ಬ್ಯಾಟರಿ, ನಂತರ ಸೆಲ್ಫ್ ಮೋಟಾರ್, ಕೊನೆಗೆ ಕಾಯಿಲ್ ಬದಲಾಗುತ್ತವೆ. ಹಣ ಖರ್ಚಾಗುತ್ತದೆ, ದೋಷ ಉಳಿಯುತ್ತದೆ. ಇಂತಹ ದೋಷವನ್ನು ಅದು ಕಾಣಿಸಿಕೊಂಡ ಗಳಿಗೆಯಲ್ಲೇ ಹಿಡಿಯಬೇಕು.

ಕೀಲಿ ತಿರುಗಿಸಿದಾಗ ಏನಾಯಿತು?

ಮೊದಲು ಗಮನಿಸಬೇಕಾದುದು ಎಂಜಿನ್ ತಿರುಗಿತೇ ಇಲ್ಲವೇ ಎಂಬುದನ್ನು. ತಿರುಗದಿದ್ದರೆ ಹೆಡ್‌ಲೈಟ್ ಹಾಕಿ ಮತ್ತೊಮ್ಮೆ ಕೀಲಿ ತಿರುಗಿಸಬೇಕು. ಬೆಳಕು ತೀರಾ ಕುಂದಿದರೆ ಬ್ಯಾಟರಿ ದುರ್ಬಲವಾಗಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ ಎಂದರ್ಥ. ಬೆಳಕು ಹಾಗೆಯೇ ಇದ್ದು ಯಾವ ಸದ್ದೂ ಬಾರದಿದ್ದರೆ ಇಗ್ನಿಷನ್ ಸ್ವಿಚ್ ಅಥವಾ ಸೊಲೆನಾಯ್ಡ್‌ಗೆ ಹೋಗುವ ತಂತಿಯನ್ನು ಪರೀಕ್ಷಿಸಬೇಕು. 'ಟಕ್' ಎಂಬ ಒಂದೇ ಸದ್ದು ಬಂದು ಬೆಳಕು ಕುಂದದಿದ್ದರೆ ಸೊಲೆನಾಯ್ಡ್‌ನ ಒಳಸಂಪರ್ಕ ಅಥವಾ ಸೆಲ್ಫ್ ಮೋಟಾರಿನ ಸವೆದ ಬ್ರಷ್‌ಗಳು ಕಾರಣವಾಗಿರಬಹುದು.

ಇಲ್ಲಿ ಮಲ್ಟಿಮೀಟರ್ ನೆರವಿಗೆ ಬರುತ್ತದೆ. ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಹೆಚ್ಚುಕಡಿಮೆ ಅರ್ಧ ಚಾರ್ಜ್. ಸೆಲ್ಫ್ ತಿರುಗುವಾಗ ಅದು 9.6 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿಯನ್ನು ಶಂಕಿಸಬೇಕು. ಅದೇ ವೇಳೆ ಬ್ಯಾಟರಿಯ ನೆಗೆಟಿವ್ ತುದಿ ಹಾಗೂ ಎಂಜಿನ್ ಲೋಹದ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡುಬಂದರೆ ಅರ್ಥ್ ಕೇಬಲ್ ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ. ಧೂಳು, ತೇವ, ಕಂಪನಗಳಿಗೆ ಒಡ್ಡಿಕೊಂಡ ಹಳೆಯ ಕಾರುಗಳಲ್ಲಿ ಇದು ಸರ್ವೇಸಾಮಾನ್ಯ. ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೆ ಸಾಕು. ಹೊಸ ಬ್ಯಾಟರಿಯ ಹಣ ಉಳಿಯುತ್ತದೆ.

ತಿರುಗಿಯೂ ಹತ್ತದಿದ್ದರೆ

ಎಂಜಿನ್ ತಿರುಗಿಯೂ ಹತ್ತದಿದ್ದರೆ ಕಿಡಿ ಇಲ್ಲ ಅಥವಾ ಪೆಟ್ರೋಲ್ ಇಲ್ಲ. ಬಿಸಿಯೇರಿದಾಗ ಮಾತ್ರ ಕೈಕೊಟ್ಟು ಅರ್ಧ ಗಂಟೆಯ ಬಳಿಕ ಸರಿಹೋಗುವ ಕಾರಿನಲ್ಲಿ ಶಂಕೆ ಎರಡು: ಶಾಖಕ್ಕೆ ಒಳತಂತಿ ಸಂಪರ್ಕ ಕಳೆದುಕೊಳ್ಳುವ ಕಾಯಿಲ್, ಅಥವಾ ಕಾರ್ಬ್ಯುರೇಟರ್ ಕಾರಾದರೆ ಪೈಪಿನಲ್ಲಿ ಆವಿಯಾಗುವ ಪೆಟ್ರೋಲ್. ತಣಿದ ಮೇಲೆ ಇವೆರಡನ್ನೂ ಬೇರ್ಪಡಿಸಲಾಗದು. ಬಿಸಿ ಇರುವಾಗಲೇ ಕಿಡಿಯನ್ನು ನೋಡಬೇಕು. ಹೆಚ್ಚುವರಿ ಸ್ಪಾರ್ಕ್ ಪ್ಲಗ್ ಒಂದನ್ನು ಅದರ ತಂತಿಗೆ ಸಿಕ್ಕಿಸಿ, ಎಂಜಿನ್ ಲೋಹಕ್ಕೆ ತಾಗಿಸಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬಾರದು. ಪೆಟ್ರೋಲ್ ವಾಸನೆ ಇದ್ದಲ್ಲಿ ಈ ಪರೀಕ್ಷೆ ಸಲ್ಲದು.

ಮಳೆಗಾಲದ ಮುಂಜಾನೆ ಮಾತ್ರ ಹತ್ತದ ಕಾರಿನಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದ ಬಿರುಕು, ಪ್ಲಗ್ ತಂತಿಗಳ ತೇವವನ್ನು ಹುಡುಕಬೇಕು. ಎಂಪಿಎಫ್‌ಐ ಕಾರಾದರೆ ಕೀಲಿ ಆನ್ ಮಾಡಿದೊಡನೆ ಟ್ಯಾಂಕಿನಲ್ಲಿ ಪಂಪ್ ಎರಡು ಮೂರು ಸೆಕೆಂಡ್ ಗುಂಯ್‌ಗುಡುತ್ತದೆ. ಆ ಸದ್ದಿಲ್ಲವಾದರೆ ಫ್ಯೂಸ್, ರಿಲೇ, ಪಂಪ್ ಕ್ರಮವಾಗಿ ಪರೀಕ್ಷೆಯಾಗಲಿ. ಅಡಿಕೆ ಗೋದಾಮಿನ ಬಳಿ ನಿಲ್ಲುವ ಕಾರಿನಲ್ಲಿ ಇಲಿ ಕಡಿದ ತಂತಿಯನ್ನೂ ಮರೆಯುವಂತಿಲ್ಲ.

ಚೀಟಿಯೇ ಸಾಕ್ಷಿ

ಕಾರು ಕೈಕೊಟ್ಟ ದಿನ, ಹೊತ್ತು, ಎಂಜಿನ್ ಬಿಸಿಯಿತ್ತೇ, ಮಳೆಯಿತ್ತೇ, ಯಾವ ಸದ್ದು ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ನಾಲ್ಕಾರು ಸಲದಲ್ಲೇ ದೋಷದ ಜಾಡು ಸಿಗುತ್ತದೆ. ಗ್ಯಾರೇಜಿನಲ್ಲಿ ಕಾರು ಸುಮ್ಮನಿದ್ದರೂ ಆ ಚೀಟಿ ಮಾತನಾಡುತ್ತದೆ. ಅನುಭವಿ ಮೆಕ್ಯಾನಿಕ್‌ಗೆ ಬೇಕಾದುದೂ ಅದೇ.