ಸ್ಕ್ರೀನ್‌ಶಾಟ್ ಕಪ್ಪಾಗಿ ಬಂದರೆ ಹ್ಯಾಕ್ ಆಗಿದೆಯೇ?

"ಕೆಆರ್‌ಎಸ್‌ನಿಂದ ಭಾರೀ ನೀರು ಬಿಟ್ಟಿದ್ದಾರೆ, ಕೂಡಲೇ ಪಂಪ್‌ಸೆಟ್ ಎತ್ತಿಕೊಳ್ಳಿ. ಪೂರ್ತಿ ವಿವರಕ್ಕೆ ಲಿಂಕ್ ಒತ್ತಿ."

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರ ವಾಟ್ಸ್ಆಪ್ ಗುಂಪಿಗೆ ಬಂದ ಫಾರ್ವರ್ಡ್ ಇದು. ಜೊತೆಗೊಂದು ಸ್ಕ್ರೀನ್‌ಶಾಟ್: 124.80 ಅಡಿ. ಅದು ಅಣೆಕಟ್ಟೆಯ ಗರಿಷ್ಠ ಮಟ್ಟ, ಕಟ್ಟೆ ತುಂಬಿದ ವರ್ಷವೆಲ್ಲ ಕಾಣುವ ಅಂಕಿ. ದಿನಾಂಕವಿದ್ದ ಜಾಗವನ್ನು ಯಾರೋ ಕತ್ತರಿಸಿದ್ದರು. ಇದೇ ಸಂದೇಶ ಕೆ.ಆರ್. ಪೇಟೆಯ ಗುಂಪಿನಲ್ಲೂ ಓಡಾಡಿತು. ಆ ಊರಿರುವುದು ಅಣೆಕಟ್ಟೆಯ ಮೇಲ್ಗಡೆ, ಬಿಟ್ಟ ನೀರು ಹಿಂದಕ್ಕೆ ಹರಿಯುವುದಿಲ್ಲ! ಆದರೆ ಶ್ರೀರಂಗಪಟ್ಟಣದ ಹೊಳೆದಂಡೆಯವರಿಗೆ ಇದು ತಮಾಷೆಯಲ್ಲ.

ಗುರುತಿಲ್ಲದ ಲಿಂಕ್‌ಗಳನ್ನು ನಾನು ಫೋನಿನಲ್ಲಿ ತೆರೆಯುವುದಿಲ್ಲ. ಲ್ಯಾಪ್‌ಟಾಪ್‌ನ ವಿಂಡೋಸ್‌ನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಲಿನಕ್ಸ್ ಇಟ್ಟುಕೊಂಡಿದ್ದೇನೆ. ಇದು ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್. ಕೆಟ್ಟರೆ ಅಳಿಸಿ ಹೊಸದನ್ನು ಹಾಕಿಕೊಳ್ಳಬಹುದು. ಅಲ್ಲಿ ಪುಟ ತೆರೆದು, ಸ್ಕ್ರೀನ್‌ಶಾಟ್ ತೆಗೆದು, ನೋಡದೆಯೇ ಗುಂಪಿಗೆ ಹಾಕಿದೆ. ಬರೀ ಕಪ್ಪು ಚೌಕ. ನಾಗಮಂಗಲದ ಚಿಕ್ಕಪ್ಪ ತಕ್ಷಣ ಫೋನ್ ಮಾಡಿದರು: "ಹ್ಯಾಕ್ ಆಗದೆ ಕಣವ್ವ, ಮೊದ್ಲು ಆಫ್ ಮಾಡು!"

ಹ್ಯಾಕ್ ಆಗಿರಲಿಲ್ಲ. ಲಿನಕ್ಸ್‌ನಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆ ಎರಡು ಬಗೆ. ಹಳೆಯ ಎಕ್ಸ್11ನಲ್ಲಿ ಯಾವ ಆಪ್ ಬೇಕಾದರೂ ಇಡೀ ಪರದೆಯನ್ನು ನೋಡಬಹುದು, ಕದಿಯಲು ಬಂದ ಆಪ್ ಕೂಡ. ಹೊಸದಾದ ವೇಲ್ಯಾಂಡ್ ಒಂದು ಆಪ್‌ಗೆ ಇನ್ನೊಂದರ ಕಿಟಕಿ ತೋರಿಸುವುದಿಲ್ಲ. ನಾನು ಬಳಸಿದ್ದು ಎಕ್ಸ್11 ಕಾಲದ ಸ್ಕ್ರಾಟ್. ಅದಕ್ಕೆ ನೋಡುವ ಅನುಮತಿಯಿಲ್ಲ, ಹಾಗಾಗಿ ಕಪ್ಪು. ನಿಮ್ಮ ಫೋನಿನಲ್ಲಿ ಬ್ಯಾಂಕ್ ಆಪ್‌ನ ಸ್ಕ್ರೀನ್‌ಶಾಟ್ ಬರದಿರುವುದೂ ಇಂಥದೇ ತಡೆ. ಖಾತೆಯ ವಿವರ ಸೋರದಿರಲೆಂದು ಆಪ್ ಮಾಡಿದವರೇ ಹಾಕಿರುತ್ತಾರೆ.

ಪರಿಹಾರ ಸುಲಭ. ಲಿನಕ್ಸ್ ಜೊತೆಗೇ ಬರುವ ಸ್ಕ್ರೀನ್‌ಶಾಟ್ ಸೌಲಭ್ಯವನ್ನೇ ಬಳಸಿ. ಅದೂ ಕಪ್ಪಾದರೆ ಮಷೀನ್ ಆಫ್ ಮಾಡಿ, ವರ್ಚುವಲ್‌ಬಾಕ್ಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 3ಡಿ ಆಕ್ಸಲರೇಶನ್ ಟಿಕ್ ತೆಗೆದು ನೋಡಿ. ನನಗೆ ಇಷ್ಟವಾದ ದಾರಿ ಬೇರೆ: ಬಲಗಡೆಯ ಕಂಟ್ರೋಲ್ ಕೀ ಜೊತೆ ಇ ಒತ್ತಿದರೆ ವರ್ಚುವಲ್‌ಬಾಕ್ಸ್ ತಾನೇ ಹೊರಗಿನಿಂದ ಚಿತ್ರ ತೆಗೆಯುತ್ತದೆ, ಲಿನಕ್ಸ್‌ನ ಅಪ್ಪಣೆ ಬೇಕಿಲ್ಲ. ಆ ಚಿತ್ರ ವಿಂಡೋಸ್‌ನಲ್ಲಿ ಉಳಿಯುತ್ತದೆ. ಒಳಗೆ ತೆಗೆದ ಚಿತ್ರ ಮಾತ್ರ ಒಳಗಿನ ಪಿಕ್ಚರ್ಸ್ ಫೋಲ್ಡರಿನಲ್ಲೇ ಇರುತ್ತದೆ (ಒಮ್ಮೆ ಅದನ್ನು ವಿಂಡೋಸ್‌ನಲ್ಲಿ ಅರ್ಧ ಗಂಟೆ ಹುಡುಕಿದ್ದೇನೆ).

ಎರಡನೇ ಸಲ ಚಿತ್ರ ಸರಿಯಾಗಿ ಬಂತು. ಪುಟದ ಮೇಲಿದ್ದ ದಿನಾಂಕ ಹಿಂದಿನ ವರ್ಷದ್ದು. ಅದು ಕಾಣುವಂತೆ ಗುಂಪಿಗೆ ಹಾಕುವಷ್ಟರಲ್ಲಿ ಶ್ರೀರಂಗಪಟ್ಟಣದ ಮಾವ ಮೋಟಾರು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿಯಾಗಿತ್ತು.