ಸೀಳು ಅಂಗುಳದ ಕೂಸಿಗೆ ಹಾಲುಣಿಸುವ ಬಗೆ

ಹನ್ನೆರಡು ದಿನದ ಕೂಸನ್ನು ಎತ್ತಿಕೊಂಡು ಅಜ್ಜಿಯೊಬ್ಬರು ಬಾಣಂತಿ ಮಗಳೊಡನೆ ನನ್ನ ಬಳಿ ಬಂದರು. 'ದಿನವಿಡೀ ಮೊಲೆಗೆ ಹಚ್ಚಿದರೂ ಅಳು ನಿಲ್ಲೋದಿಲ್ಲ ಡಾಕ್ಟ್ರೇ. ಕುಡಿದದ್ದು ಮೂಗಲ್ಲಿ ಬರುತ್ತೆ. ಇವಳಿಗೆ ಹಾಲೇ ಸಾಲದು' ಎಂದರು. ಕೂಸಿನ ತೂಕ ಹುಟ್ಟಿದಾಗ ಇದ್ದುದಕ್ಕಿಂತ 300 ಗ್ರಾಂ ಕಡಿಮೆಯಾಗಿತ್ತು. ತುಟಿ ಸರಿಯಾಗಿಯೇ ಇತ್ತು. ಬಾಯಿಗೆ ಟಾರ್ಚ್ ಬಿಟ್ಟು ನೋಡಿದರೆ ಅಂಗುಳದ ಹಿಂಭಾಗ ಸೀಳಿತ್ತು. ಕೊರತೆ ತಾಯಿಯ ಹಾಲಿನದಾಗಿರಲಿಲ್ಲ.

ಹೀರಲು ಏಕೆ ಆಗದು?

ಮಗು ಮೊಲೆಯುಣ್ಣುವಾಗ ಅಂಗುಳವು ಬಾಯಿ ಮತ್ತು ಮೂಗಿನ ನಡುವಿನ ದಾರಿಯನ್ನು ಮುಚ್ಚುತ್ತದೆ. ಆಗಲೇ ಹೀರುವ ಸೆಳೆತ ಉಂಟಾಗುವುದು. ತೂತು ಬಿದ್ದ ಕೊಳವೆಯಿಂದ ಎಳನೀರು ಹೀರಲು ಹೋದರೆ ಬರೀ ಗಾಳಿ ಬರುವಂತೆ, ಸೀಳು ಅಂಗುಳದ ಮಗು ಎಷ್ಟು ಚೀಪಿದರೂ ಹಾಲು ಸಾಕಷ್ಟು ಬರುವುದಿಲ್ಲ. ದಣಿದು ನಿದ್ದೆ ಹೋಗುತ್ತದೆ. ತುಟಿ ಮಾತ್ರ ಸೀಳಿದ್ದರೆ ಬಹುಪಾಲು ಮಕ್ಕಳು ಮೊಲೆಯುಣ್ಣಬಲ್ಲವು.

ಉಣಿಸುವ ಕ್ರಮ

ತಾಯಿಯ ಹಾಲನ್ನೇ ಕೈಯಿಂದ ಹಿಂಡಿ, ಕುದಿಸಿದ ಬಟ್ಟಲಲ್ಲಿ ಹಿಡಿದು, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಒಳಲೆ ಅಥವಾ ಚಮಚದಲ್ಲಿ ಕೊಡಿ. ಕಾಲ ಮೇಲೆ ಅಂಗಾತ ಮಲಗಿಸಿ ಗಂಟಲಿಗೆ ಹೊಯ್ಯುವ ರೂಢಿ ಯಾವ ಮಗುವಿಗೂ ಸಲ್ಲದು. ಈ ಮಗುವಿಗಂತೂ ಪ್ರಾಣಾಪಾಯ. ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ತಲೆ, ಕತ್ತಿಗೆ ಆಸರೆ ಕೊಟ್ಟು ಕುಳಿತ ಭಂಗಿಯಲ್ಲಿ ಹಿಡಿದುಕೊಳ್ಳಿ. ಕೆನ್ನೆಯ ಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ಮೂಗಿನಿಂದ ತುಸು ಹಾಲು ಬಂದರೆ ಗಾಬರಿ ಬೇಡ. ನಿಲ್ಲಿಸಿ, ಒರೆಸಿ, ಮುಂದುವರಿಸಿ. ಗಾಳಿಯನ್ನೂ ನುಂಗುವುದರಿಂದ ನಡುನಡುವೆ ತೇಗಿಸಿ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಉಣಿಸಿದರೆ ಮಗು ದಣಿಯುತ್ತದೆ.

ತೂಕವೇ ಅಳತೆಗೋಲು

ವಾರಕ್ಕೊಮ್ಮೆ ತೂಕ ನೋಡಿಸಿ. ಮೊದಲ ಮೂರು ತಿಂಗಳಲ್ಲಿ ವಾರಕ್ಕೆ 150ರಿಂದ 200 ಗ್ರಾಂ ಏರಬೇಕು. ದಿನಕ್ಕೆ ಆರು ಸಲವಾದರೂ ಮೂತ್ರ ಹೋಗಬೇಕು. ಉಣಿಸುವಾಗ ಮೈ ನೀಲಿಗಟ್ಟಿದರೆ, ಪದೇ ಪದೇ ಕೆಮ್ಮಿದರೆ, ಉಸಿರು ಏರಿದರೆ, ಅಥವಾ ಗದ್ದ ತೀರಾ ಚಿಕ್ಕದಿದ್ದು ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಶಸ್ತ್ರಚಿಕಿತ್ಸೆ

ತುಟಿಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳವನ್ನು 9ರಿಂದ 18 ತಿಂಗಳಲ್ಲಿ ಸರಿಪಡಿಸುತ್ತಾರೆ. ತೂಕ ಸಾಲದ ಮಗುವಿಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕಾಗುತ್ತದೆ. ತೀರಾ ತಡವಾದರೆ ಮಾತು ಮೂಗಿನಿಂದ ಬರುವುದು ಉಳಿದುಬಿಡುತ್ತದೆ. ಈಗ ಕೊಡುವ ಒಂದೊಂದು ಗುಟುಕೂ ಆ ದಿನಕ್ಕೆ ಸಿದ್ಧತೆಯೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಈ ಚಿಕಿತ್ಸೆ ಉಚಿತ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಅಂಗನವಾಡಿಯಲ್ಲೋ ವಿಚಾರಿಸಿ. ಆರು ತಿಂಗಳು ತುಂಬಿದ ಮೇಲೆ ಎಲ್ಲ ಮಕ್ಕಳಂತೆ ಈ ಮಗುವಿಗೂ ರಾಗಿ ಸರಿ, ನುಣ್ಣಗೆ ಹಿಸುಕಿದ ಅನ್ನ ಕೊಡಬಹುದು, ಕೂರಿಸಿಕೊಂಡೇ.

ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೆ ಹೀಗಾಯಿತು ಎಂದು ತಾಯಿಯನ್ನು ದೂರುವ ಮನೆಗಳು ಈಗಲೂ ಇವೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ಅಂಗುಳದ ಎರಡು ಭಾಗಗಳು ಕೂಡಿಕೊಳ್ಳದೆ ಉಳಿದಾಗ ಸೀಳು ಆಗುತ್ತದೆ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಣಂತಿಗೆ ಈಗ ಬೇಕಾದದ್ದು ಧೈರ್ಯ, ಊಟ, ನಿದ್ದೆ, ಮತ್ತು ರಾತ್ರಿ ಒಳಲೆ ಹಿಡಿಯಲು ಇನ್ನೊಂದು ಕೈ.

ಮುಂದಿನ ವಾರ ಆ ಅಜ್ಜಿಯೇ ಕೂಸನ್ನು ತಕ್ಕಡಿಯಲ್ಲಿ ಮಲಗಿಸಿದರು. 180 ಗ್ರಾಂ ಏರಿತ್ತು.