ಡನ್‌ಡ್ರಮ್ ವಾಣಿಜ್ಯ ಸಂಕೀರ್ಣ: ಬಾಡಿಗೆ ಕರಾರಿನ ಒಂದು ಪಾಠ

ವಾಣಿಜ್ಯ ಸಂಕೀರ್ಣವೊಂದರ ಏಳುಬೀಳುಗಳಲ್ಲಿ ಕಟ್ಟಡ ಮತ್ತು ಗಿರಾಕಿಗಳಷ್ಟೇ ಪಾತ್ರ ಸಾಲಪತ್ರ ಹಾಗೂ ಬಾಡಿಗೆ ಕರಾರುಗಳಿಗೂ ಇರುತ್ತದೆ. ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ದಕ್ಷಿಣ ಭಾಗದಲ್ಲಿರುವ ಡನ್‌ಡ್ರಮ್ ಟೌನ್ ಸೆಂಟರ್‌ನ ಇತಿಹಾಸ ಇದಕ್ಕೆ ಉತ್ತಮ ನಿದರ್ಶನ.

ಡನ್‌ಡ್ರಮ್ ಮೂಲತಃ ಒಂದು ಗ್ರಾಮ. ಡಬ್ಲಿನ್ ನಗರ ವಿಸ್ತರಿಸಿದಂತೆ ಅದರ ಉಪನಗರವಾಯಿತು. ಐರ್ಲೆಂಡಿನ ಪ್ರಥಮ ವಾಣಿಜ್ಯ ಸಂಕೀರ್ಣ 1966ರಲ್ಲಿ ಸಮೀಪದ ಸ್ಟಿಲ್ಲಾರ್ಗನ್‌ನಲ್ಲಿ ಆರಂಭವಾದರೆ, ಡನ್‌ಡ್ರಮ್‌ನಲ್ಲಿ 1971ರಲ್ಲಿ ಸಾಧಾರಣ ಪ್ರಮಾಣದ ಕೇಂದ್ರವೊಂದು ತಲೆಯೆತ್ತಿತು. 1958ರಲ್ಲಿ ಮುಚ್ಚಿದ್ದ ಹಳೆಯ ರೈಲುಮಾರ್ಗದಲ್ಲಿ 2004ರಲ್ಲಿ ಲುವಾಸ್ ಲಘು ರೈಲು ಸಂಚಾರ ಆರಂಭಿಸಿತು. ಮರುವರ್ಷ, 2005ರ ಮಾರ್ಚ್‌ನಲ್ಲಿ, ನೂರಕ್ಕೂ ಹೆಚ್ಚು ಮಳಿಗೆಗಳ ಹೊಸ ಬೃಹತ್ ಸಂಕೀರ್ಣದ ಬಾಗಿಲು ತೆರೆಯಿತು. ಆಗ ಐರ್ಲೆಂಡಿನ ಆರ್ಥಿಕತೆ ಉತ್ತುಂಗದಲ್ಲಿತ್ತು. ಬ್ಯಾಂಕುಗಳು ಧಾರಾಳವಾಗಿ ಸಾಲ ನೀಡುತ್ತಿದ್ದವು.

ಏರಿಕೆ ಮಾತ್ರದ ಷರತ್ತು

ಆ ಕಾಲದ ಐರಿಷ್ ಮಳಿಗೆ ಕರಾರುಗಳು ಸಾಮಾನ್ಯವಾಗಿ 25 ವರ್ಷಗಳಂತಹ ದೀರ್ಘಾವಧಿಯವು. ಐದು ವರ್ಷಗಳಿಗೊಮ್ಮೆ ಬಾಡಿಗೆ ಪರಿಷ್ಕರಣೆ ನಡೆಯುತ್ತಿತ್ತು. ಆದರೆ ಪರಿಷ್ಕೃತ ಬಾಡಿಗೆ ಹಿಂದಿನದಕ್ಕಿಂತ ಕಡಿಮೆಯಾಗುವಂತಿರಲಿಲ್ಲ. ಉದಾಹರಣೆಗೆ, ವಾರ್ಷಿಕ 1,00,000 ಯೂರೋ ಬಾಡಿಗೆಯ ಮಳಿಗೆಯ ಮಾರುಕಟ್ಟೆ ದರ 60,000ಕ್ಕೆ ಕುಸಿದರೂ ವರ್ತಕನು ಪೂರ್ಣ 1,00,000 ತೆರಬೇಕು.

ಮಾಲೀಕರು ಇದಕ್ಕೆ ಪಟ್ಟು ಹಿಡಿಯುವುದಕ್ಕೆ ಲೆಕ್ಕಾಚಾರದ ಕಾರಣವಿದೆ. ಇಂತಹ ಕಟ್ಟಡದ ಮೌಲ್ಯ ನಿಗದಿಯಾಗುವುದು ಬಾಡಿಗೆ ವರಮಾನದಿಂದ. ಶೇಕಡಾ 5ರ ಪ್ರತಿಫಲದ ಆಧಾರದಲ್ಲಿ 1,000 ಯೂರೋ ಬಾಡಿಗೆ ಇಳಿದರೆ ಕಟ್ಟಡದ ಮೌಲ್ಯ 20,000 ಯೂರೋ ಇಳಿಯುತ್ತದೆ. ಸಾಲದ ಭದ್ರತೆಯೂ ಅಷ್ಟರ ಮಟ್ಟಿಗೆ ಕುಗ್ಗುತ್ತದೆ. ಆದ್ದರಿಂದ ತಾತ್ಕಾಲಿಕ ರಿಯಾಯಿತಿಗೆ ಒಪ್ಪುವ ಮಾಲೀಕರೂ ಕರಾರಿನ ಬಾಡಿಗೆಯನ್ನು ಇಳಿಸಲು ಹಿಂಜರಿಯುತ್ತಾರೆ.

ಕುಸಿತದ ನಂತರ

2008ರಲ್ಲಿ ಐರ್ಲೆಂಡಿನ ಆಸ್ತಿ ಮಾರುಕಟ್ಟೆ ಮತ್ತು ಬ್ಯಾಂಕುಗಳು ಕುಸಿದವು. 2009ರಲ್ಲಿ ಸರ್ಕಾರ ಸ್ಥಾಪಿಸಿದ 'ನಾಮಾ' ಸಂಸ್ಥೆಯು ಸುಮಾರು 7,400 ಕೋಟಿ ಯೂರೋ ಮುಖಬೆಲೆಯ ಸಾಲಗಳನ್ನು 3,180 ಕೋಟಿ ಯೂರೋಗೆ ಬ್ಯಾಂಕುಗಳಿಂದ ಖರೀದಿಸಿತು. ಡನ್‌ಡ್ರಮ್‌ನ ಸಾಲವೂ ಅದರ ಕೈಸೇರಿತು. 2010ರ ಫೆಬ್ರವರಿ 28ರ ನಂತರದ ಹೊಸ ಕರಾರುಗಳಲ್ಲಿ ಏರಿಕೆ ಮಾತ್ರದ ಷರತ್ತನ್ನು ಕಾನೂನು ನಿಷೇಧಿಸಿತು. ಹಳೆಯ ಕರಾರುಗಳಿಗೂ ಪರಿಹಾರ ನೀಡುವ ಭರವಸೆಯನ್ನು ಸರ್ಕಾರ 2011ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಸಂವಿಧಾನದತ್ತ ಆಸ್ತಿಹಕ್ಕಿಗೆ ಅದು ಧಕ್ಕೆ ತರಬಹುದೆಂಬುದು ಮುಖ್ಯ ಕಾರಣ. ಒಂದೇ ಸಾಲಿನಲ್ಲಿದ್ದ ವರ್ತಕರಲ್ಲಿ ಹಳಬರು ಏರಿದ ಬಾಡಿಗೆಗೆ ಬದ್ಧರಾಗಿ ಉಳಿದರು. ಹೊಸಬರು ಮಾರುಕಟ್ಟೆ ದರದಲ್ಲಿ ಮಳಿಗೆ ಪಡೆಯಬಹುದಾಗಿತ್ತು.

2015ರಲ್ಲಿ ಡನ್‌ಡ್ರಮ್ ಒಳಗೊಂಡ ಸಾಲಗಳ ಗುಚ್ಛವನ್ನು ಬ್ರಿಟನ್ನಿನ ಹ್ಯಾಮರ್ಸನ್ ಮತ್ತು ಜರ್ಮನಿಯ ಅಲಿಯಾನ್ಸ್ ಸಂಸ್ಥೆಗಳು 185 ಕೋಟಿ ಯೂರೋಗೆ ಜಂಟಿಯಾಗಿ ಖರೀದಿಸಿ, 2016ರಲ್ಲಿ ಸಂಕೀರ್ಣದ ಒಡೆತನ ಪಡೆದವು. ಹೌಸ್ ಆಫ್ ಫ್ರೇಸರ್‌ನ ವಿಶಾಲ ಮಳಿಗೆ ಇದ್ದ ಜಾಗಕ್ಕೆ 2022ರಲ್ಲಿ ಬ್ರೌನ್ ಥಾಮಸ್ ಬಂದಿತು.

ಸಾಲಗಾರ, ಸಾಲಿಗ, ಮಾಲೀಕ ಎಲ್ಲರೂ ಬದಲಾದರೂ ಹಳೆಯ ಕರಾರಿನ ಷರತ್ತು ಬದಲಾಗಲಿಲ್ಲ. ಆದ್ದರಿಂದ ದೀರ್ಘಾವಧಿ ಮಳಿಗೆ ಪಡೆಯುವ ವರ್ತಕರು ಸಹಿಗೆ ಮುನ್ನ ಮೂರು ಅಂಶಗಳನ್ನು ಪರಿಶೀಲಿಸುವುದು ಒಳಿತು: ಪರಿಷ್ಕರಣೆಯಲ್ಲಿ ಬಾಡಿಗೆ ಇಳಿಯಲು ಅವಕಾಶವಿದೆಯೇ? ಅವಧಿಯ ಮಧ್ಯೆ ಕರಾರಿನಿಂದ ಹೊರಬರಬಹುದೇ? ಮೌಖಿಕ ರಿಯಾಯಿತಿ ಲಿಖಿತ ರೂಪದಲ್ಲಿ ದಾಖಲಾಗಿದೆಯೇ?